ಮಾವನವರ ತಾಳೆಯಾಗದ ಕಾಯಿಲು

ನಮ್ಮ ಮಾವನವರ ಎಡ ಅಂಗೈಯ ನಡುವೆ ಗುಲಾಬಿ ಬಣ್ಣದ ಒಂದು ಮಚ್ಚೆ ಇತ್ತು. ಹುಟ್ಟುಮಚ್ಚೆಯಲ್ಲ, ಸುಟ್ಟು ಮಾಗಿದ ಚರ್ಮ. ಅಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಬಾಳೆ ಎಲೆಯ ಹಿಂಬದಿಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಒಲೆಯಿಂದ ಆಗತಾನೇ ಇಳಿಸಿದ ಕಾಫಿ ಲೋಟವನ್ನು ಅವರು ಆ ಕೈಯಲ್ಲೇ ಹಿಡಿದು ಕೂರುತ್ತಿದ್ದರು; ಬಿಸಿ ತಾಗುತ್ತಲೇ ಇರಲಿಲ್ಲವೇನೋ. ಯಾರಾದರೂ ಹೊಸಬರು ಅದೇನೆಂದು ಕೇಳಿದರೆ, ನಾಯಿ ಕಚ್ಚಿತು ಎನ್ನುವಷ್ಟು ಸಹಜವಾಗಿ, "ಕಾಯಿಲು ಕಚ್ತು" ಎನ್ನುತ್ತಿದ್ದರು.

ನಾನು ದೇವಲಾಪುರದ ಹುಡುಗಿ. ತೊಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಪಾಂಡವಪುರಕ್ಕೆ ಬಂದೆ. ನನ್ನ ಯಜಮಾನರು ಕೆ.ಆರ್. ಪೇಟೆಯಲ್ಲಿ ಗುಮಾಸ್ತರು. ಅಲ್ಲೇ ಒಂದು ರೂಮು ಮಾಡಿಕೊಂಡು ಶನಿವಾರ ಶನಿವಾರ ಮನೆಗೆ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ಇದ್ದದ್ದು ಅತ್ತೆ, ಮಾವ, ನಾನು, ಎರಡು ಹಸು, ಮತ್ತೆ ಆ ಕಾರು.

ಕಾರು ಮಾವನವರ ತಂದೆಯ ಕಾಲದ್ದು. ಸ್ವಾತಂತ್ರ್ಯ ಬರುವುದಕ್ಕೆ ಮುಂಚೆ ಮೈಸೂರಿನಲ್ಲಿ ಕೊಂಡದ್ದಂತೆ. ಇಂಗ್ಲೆಂಡಿನಲ್ಲಿ ತಯಾರಾದ ಕಪ್ಪು ಗಾಡಿ. ಕಪ್ಪೆಗಣ್ಣಿನಂತೆ ಹೊರಗೆ ಚಾಚಿದ ದೀಪಗಳು, ಹತ್ತಿ ಇಳಿಯಲು ಎರಡು ಕಡೆ ಅಗಲವಾದ ಪಟ್ಟಿ. ಅತ್ತೆ ಆ ಪಟ್ಟಿಯ ಮೇಲೆ ಹಾಲಿನ ಕ್ಯಾನು ತೊಳೆದು ಬೋರಲು ಹಾಕುತ್ತಿದ್ದರು. ಅದಕ್ಕೆ ಒಂದು ಜಗಳ ಯಾವಾಗಲೂ ಇದ್ದೇ ಇತ್ತು.

ಆ ಕಾಲದ ಕಾರುಗಳು ಆರು ವೋಲ್ಟಿನ ಬ್ಯಾಟರಿಯಲ್ಲಿ ಓಡುತ್ತಿದ್ದವು. ಬರಬರುತ್ತ ಅಂಥ ಬ್ಯಾಟರಿ, ಬಲ್ಬು ಯಾವುದೂ ಸಿಗದ ಹಾಗಾದ ಮೇಲೆ ನಮ್ಮ ಕಾರನ್ನೂ ಹನ್ನೆರಡು ವೋಲ್ಟಿಗೆ ಬದಲಾಯಿಸಿದ್ದರು. ಹಾಗೆ ಬದಲಾಯಿಸಿದವರು ಮಾವನವರಲ್ಲ, ಅವರ ಅಣ್ಣ. ನಾಗಮಂಗಲದಲ್ಲಿದ್ದ ಅವರನ್ನು ನಾನು ದೊಡ್ಡಮಾವ ಎನ್ನುತ್ತಿದ್ದೆ. ಅವರು ವಯಸ್ಸಿನಲ್ಲಿ ಊರೂರಿಗೆ ಟೆಂಟು ಹೊತ್ತು ಸಿನಿಮಾ ತೋರಿಸುತ್ತಿದ್ದವರು. ಪ್ರೊಜೆಕ್ಟರು, ಜನರೇಟರು, ವೈರುಗಳ ಜೊತೆ ಬದುಕಿದ ಮನುಷ್ಯ. ತಮ್ಮನನ್ನು ಒಂದು ಮಾತೂ ಕೇಳದೆ ಅಪ್ಪನ ಕಾರನ್ನು ಬಿಚ್ಚಿ, ಬೇಕಾದ ಹಾಗೆ ಕಟ್ಟಿ, ಕೀಲಿ ತಿರುಗಿಸಿದರೆ ಸ್ಟಾರ್ಟಾಗುವ ಹಾಗೆ ಮಾಡಿಬಿಟ್ಟಿದ್ದರು. ಆಮೇಲೆ ಮನೆ ಭಾಗವಾಯಿತು. ನಾಗಮಂಗಲದ ಮನೆ, ತೆಂಗಿನ ತೋಟ ಅಣ್ಣನಿಗೆ; ಪಾಂಡವಪುರದ ಗದ್ದೆ ಮತ್ತು ಕಾರು ತಮ್ಮನಿಗೆ. ಕಾರನ್ನು ಒಪ್ಪಿಸುವ ದಿನ ನೆಂಟರಿಷ್ಟರೆಲ್ಲ ಸೇರಿದ್ದ ಜಗುಲಿಯ ಮುಂದೆ ಮಾವನವರು, "ಅಪ್ಪನ ಗಾಡೀನ ಕುಲಗೆಡ್ಸಿ ನನ್ ಕೈಗೆ ಕೊಡ್ತಾವ್ನೆ" ಅಂದರಂತೆ. ದೊಡ್ಡಮಾವ ಕೀಲಿಯನ್ನು ಕೈಗೆ ಕೊಡದೆ ಬಾನೆಟ್ಟಿನ ಮೇಲೆ ಇಟ್ಟು, "ಕೆಟ್ರೆ ನನ್ನತ್ರ ಬರ್ಬ್ಯಾಡ ಕಣ್ಲಾ" ಎಂದು ಒಳಗೆ ಹೋದರಂತೆ. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು. ನಮ್ಮ ಮದುವೆಗೂ ದೊಡ್ಡಮಾವ ಬರಲಿಲ್ಲ.

ಕಾರು ಮಾತ್ರ ಮಾವನವರ ಹತ್ತಿರ ಬಂದ ಮೇಲೂ ಎಷ್ಟೋ ವರ್ಷ ಚೆನ್ನಾಗಿಯೇ ಓಡಿತು. ನಾನು ಮನೆಗೆ ಕಾಲಿಟ್ಟ ವರ್ಷವೇ ಅದರ ಹಳೆಯ ಕಾಯಿಲು ಸತ್ತದ್ದು.

ಕಾಯಿಲು ಅಂದರೆ ಬ್ಯಾಟರಿಯ ಕರೆಂಟನ್ನು ದೊಡ್ಡ ಕಿಡಿಯಾಗಿಸಿ ಎಂಜಿನ್ನಿಗೆ ಕಳಿಸುವ ಲೋಟದಷ್ಟು ಗಾತ್ರದ ಡಬ್ಬಿ. ಕೆಲವು ಕಾಯಿಲುಗಳು ಹನ್ನೆರಡು ವೋಲ್ಟನ್ನು ನೇರವಾಗಿ ತಡೆದುಕೊಳ್ಳುತ್ತವೆ. ಕೆಲವಕ್ಕೆ ಅಷ್ಟು ಶಕ್ತಿ ಇಲ್ಲ. ಅವುಗಳ ಮುಂದೆ ಒಂದು ರೆಸಿಸ್ಟರ್ ಕೂರಿಸಬೇಕು. ಪಿಂಗಾಣಿಯ ಬೆರಳುದ್ದದ ತುಂಡು ಅದು. ಬರುವ ಕರೆಂಟಿನಲ್ಲಿ ಒಂದಿಷ್ಟನ್ನು ತಾನು ತಡೆದು ಮಿಕ್ಕಿದ್ದನ್ನು ಕಾಯಿಲಿಗೆ ಬಿಡುತ್ತದೆ. ಈ ಎರಡರ ಜೋಡಿ ತಾಳೆಯಾಗಬೇಕು. ತಪ್ಪಿದರೆ ಒಂದೋ ಕಿಡಿ ಸಪ್ಪೆಯಾಗುತ್ತದೆ, ಇಲ್ಲ ಕಾಯಿಲು ಕಾದು ಸಿಡಿಯುತ್ತದೆ. ಇದನ್ನೆಲ್ಲ ಕಲಿಯಬೇಕೆಂದು ನನಗೇನೂ ಆಸೆಯಿರಲಿಲ್ಲ. ಆ ಮನೆಯಲ್ಲಿ ಅನ್ನ ಉಂಡವರಿಗೆ ಅದು ತಾನಾಗಿ ಬರುತ್ತಿತ್ತು.

ಮಾವನವರು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಕಬ್ಬಿಣದ ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕರೆಂಟಿನ ಕೆಲಸದಲ್ಲಿ ಮಾತ್ರ ಅವರಿಗೆ ತಿಳಿದದ್ದಕ್ಕಿಂತ ಹಟ ಹೆಚ್ಚು. ಸತ್ತ ಕಾಯಿಲಿನ ಜಾಗಕ್ಕೆ ಮೈಸೂರಿನಿಂದ ಹೊಸದು ತಂದು ಹಾಕಿದರು. ಹನ್ನೆರಡು ವೋಲ್ಟನ್ನು ನೇರವಾಗಿ ತಡೆಯುವ ಗಟ್ಟಿ ಕಾಯಿಲು. ಅಂದಿನಿಂದ ನನ್ನ ಗ್ರಹಚಾರ ಶುರುವಾಯಿತು.

ಬೆಳಿಗ್ಗೆ ಹಾಲು ಹಾಕಿ ಬಂದು ನಾನು ಸೆರಗು ಬಿಚ್ಚಿ ಮುಖ ಒರೆಸಿಕೊಳ್ಳುವಷ್ಟರಲ್ಲಿ ಕೊಟ್ಟಿಗೆಯ ಪಕ್ಕದಿಂದ ಕೂಗು ಬರುತ್ತಿತ್ತು.

"ಬಾರವ್ವಾ, ಕೀಲಿ ತಿರುಗ್ಸು ಬಾ!"

ನಾನು ಹೋಗಿ ಡ್ರೈವರ್ ಸೀಟಿನಲ್ಲಿ ಕೂರಬೇಕು. ಅವರು ಪಂಚೆ ಎತ್ತಿ ಕಟ್ಟಿ ಬಾನೆಟ್ಟಿನ ಒಳಗೆ ಸೊಂಟದವರೆಗೆ ಮುಳುಗಿರುತ್ತಿದ್ದರು. ತಿರುಗಿಸು ಅಂದಾಗ ತಿರುಗಿಸುತ್ತಿದ್ದೆ. ಎಂಜಿನ್ ಥಟ್ಟನೆ ಹತ್ತಿಕೊಳ್ಳುತ್ತಿತ್ತು. "ಬುಡು!" ಅನ್ನುತ್ತಿದ್ದರು. ಕೀಲಿ ಬಿಟ್ಟೊಡನೆ ಎಂಜಿನ್ನಿಗೆ ದಮ್ಮು ಹಿಡಿಯುತ್ತಿತ್ತು. ಎರಡು ಸಲ ಕೆಮ್ಮಿ, ಮೈ ಒದರಿ, ನಿಂತೇ ಹೋಗುತ್ತಿತ್ತು.

"ಯಾಕ್ ಬುಟ್ಟೆ?"

"ನೀವೇ ಬುಡು ಅಂದ್ರಲ್ಲ ಮಾವ."

"ಬುಡು ಅಂದ್ರೆ ಅಂಗೆ ಪಟ್ ಅಂತ ಬುಟ್ಬುಡದಾ? ಮೆತ್ತಗೆ ಬುಡ್ಬೇಕು ಕಣವ್ವ."

ಮೆತ್ತಗೆ ಬಿಟ್ಟರೂ ಅಷ್ಟೇ, ಗಟ್ಟಿಯಾಗಿ ಬಿಟ್ಟರೂ ಅಷ್ಟೇ. ನನ್ನ ಬೆರಳಿನ ತಪ್ಪಲ್ಲವೆಂದು ಒಪ್ಪಲು ಅವರಿಗೆ ಒಂದು ತಿಂಗಳೇ ಹಿಡಿಯಿತು. ಆಮೇಲೆ ಪೆಟ್ರೋಲಿನ ತಪ್ಪು. ಆಮೇಲೆ ಹವೆಯ ತಪ್ಪು. ಸಮತಟ್ಟಿನಲ್ಲಿ, ತಂಪು ಹೊತ್ತಿನಲ್ಲಿ ಗಾಡಿ ಹೇಗೋ ಕುಂಟಿಕೊಂಡು ಓಡುತ್ತಿತ್ತು. ಏರು ಬಂದರೆ, ಬಿಸಿಲೇರಿದರೆ, ನಾಲ್ಕು ಜನ ಕೂತರೆ ಕೈಕೊಡುತ್ತಿತ್ತು. ನಾದಿನಿಯ ಮಗುವಿನ ನಾಮಕರಣಕ್ಕೆಂದು ಕೆ.ಆರ್. ಪೇಟೆಗೆ ಹೊರಟವರು ನಾಲೆ ಸೇತುವೆಯ ಮೇಲೆ ನಿಂತುಹೋಗಿ, ರೇಷ್ಮೆ ಸೀರೆಯುಟ್ಟುಕೊಂಡು ಕಬ್ಬಿನ ಟ್ರಾಕ್ಟರಿನ ಹಿಂದೆ ಹತ್ತಿ ಹೋದೆವು. ಇಳಿದ ಮೇಲೆ ಅತ್ತೆ ಗಂಡನ ಕಡೆ ತಿರುಗಿ, "ಆ ಗಾಡಿಗೆ ಬೆಂಕಿ ಇಕ್ಕಾ" ಅಂದರು. ಮಾವನವರು ಶಾಂತವಾಗಿ, "ಅದ್ರಲ್ಲಿ ಬೆಂಕಿ ಇಲ್ದೇ ಇರೋದೆ ಕಷ್ಟ ಆಗಿರೋದು ಕಣೆ" ಅಂದರು.

ಯಾರೋ ಹೇಳಿದರು: ಹನ್ನೆರಡು ವೋಲ್ಟಿಗೆ ಬದಲಾಯಿಸಿದ ಹಳೇ ಗಾಡಿಗೆ ರೆಸಿಸ್ಟರ್ ಇರಲೇಬೇಕು, ನಿಮ್ಮದರಲ್ಲಿ ಇಲ್ಲವಲ್ಲ ಎಂದು. ಮಾವನವರು ರೆಸಿಸ್ಟರ್ ತಂದು ಕಾಯಿಲಿನ ಪಕ್ಕದಲ್ಲಿ ಕೂರಿಸಿದರು. ಗಾಡಿ ಮೊದಲಿಗಿಂತ ಹಾಳಾಯಿತು. ರೆಸಿಸ್ಟರ್ ಜೊತೆಗೇ ಕೆಲಸ ಮಾಡುವ ಬೇರೆ ಜಾತಿಯ ಕಾಯಿಲು ತಂದರು. ಅದೂ ಅರೆಜೀವ. ಮೈಸೂರಿನ ಒಬ್ಬ ಎಲೆಕ್ಟ್ರಿಷಿಯನ್, ಬ್ಯಾಟರಿಯಿಂದ ಕಾಯಿಲಿಗೆ ನೇರವಾಗಿ ಒಂದು ವೈರು ಎಳೆದು ನೋಡಿ ಅಂದ. ಅದು ಒಳ್ಳೆಯ ಸಲಹೆಯೇ. ಆದರೆ ಆ ಹೊತ್ತಿಗೆ ಗಾಡಿಯಲ್ಲಿದ್ದದ್ದು ನೇರ ಕರೆಂಟನ್ನು ತಡೆಯದ ಬಡಕಲು ಕಾಯಿಲು. ವೈರು ಎಳೆದ ಕೂಡಲೇ ಎಂಜಿನ್ ಹೊಸ ಗಾಡಿಯ ಹಾಗೆ ಹಾಡಿತು. ಮಾವನವರು ಖುಷಿಯಿಂದ ಊರು ಸುತ್ತಿ ಬಂದು, ಬಾನೆಟ್ ಎತ್ತಿ, ಮಗುವಿನ ಬೆನ್ನು ಸವರುವವರಂತೆ ಕಾಯಿಲನ್ನು ಎಡಗೈಯಲ್ಲಿ ಹಿಡಿದರು. ಅಷ್ಟರಲ್ಲಿ ಅದು ಸಿಡಿದು ಒಳಗಿನ ಕುದಿಯುವ ಎಣ್ಣೆ ಅಂಗೈಗೆ ಅಂಟಿತು.

ಆ ಮಚ್ಚೆ ಬಂದದ್ದು ಹಾಗೆ. ಆಮೇಲೆ ನೇರ ವೈರು ಅಂದರೆ ಅವರು ಹತ್ತಿರಕ್ಕೂ ಹೋಗಲಿಲ್ಲ. ಮತ್ತೆ ಗಟ್ಟಿ ಕಾಯಿಲು ಹಾಕಿದರು. ಅದರ ಜೊತೆ ನೇರ ವೈರು ಹಾಕಿದ್ದರೆ ಎಲ್ಲವೂ ಅಂದೇ ಮುಗಿಯುತ್ತಿತ್ತು. ಅದನ್ನು ಬಿಟ್ಟು ಬೇರೆ ಏನೇನೋ ಜೋಡಿಗಳನ್ನು ಅವರು ಪ್ರಯತ್ನಿಸಿದರು; ಬಡಕಲು ಕಾಯಿಲನ್ನಂತೂ ಸುಟ್ಟ ಕೈ ನೋಡಿಕೊಂಡು ರೆಸಿಸ್ಟರ್ ಇಲ್ಲದೆ ಹಾಕುತ್ತಲೇ ಇರಲಿಲ್ಲ.

ಮನೆ ತುಂಬ ಕಾಯಿಲುಗಳಾದವು. ಉಪ್ಪಿನಕಾಯಿ ಜಾಡಿಗಳ ಪಕ್ಕದಲ್ಲಿ, ದೇವರ ಗೂಡಿನ ಕೆಳಗೆ, ಅಕ್ಕಿ ಡಬ್ಬದ ಹಿಂದೆ. ಇವತ್ತು ಈ ಕಾಯಿಲಿಗೆ ಆ ರೆಸಿಸ್ಟರ್, ನಾಳೆ ಆ ಕಾಯಿಲಿಗೆ ಈ ರೆಸಿಸ್ಟರ್. ಗಂಡುಹೆಣ್ಣು ಕೂಡಿಸುವ ಮದುವೆ ದಲ್ಲಾಳಿಯ ಹಾಗೆ ಹೊತ್ತು ಹೊತ್ತಿಗೆ ಜೋಡಿ ಬದಲಿಸುತ್ತಿದ್ದರು. ಅವರ ಹತ್ತಿರ ಒಂದು ಮೀಟರು ಇತ್ತು. ಕಾಯಿಲಿನಿಂದ ವೈರು ಬಿಚ್ಚಿ ಅದರ ತುದಿಗೆ ಮೀಟರು ಮುಟ್ಟಿಸಿ ನನ್ನನ್ನು ಕರೆದು ತೋರಿಸುತ್ತಿದ್ದರು. "ನೋಡವ್ವ, ಹನ್ನೆರಡು ಪೂರ್ತಿ ಬತ್ತಾ ಅದೆ. ವೈರಲ್ಲಿ ಏನೂ ಇಲ್ಲ." ಮುಳ್ಳು ಹನ್ನೆರಡರ ಮೇಲೇ ನಿಂತಿರುತ್ತಿತ್ತು.

ಪ್ರತಿಯೊಂದು ಹೊಸ ಜೋಡಿಯನ್ನೂ ಓಡಿಸಿ ನೋಡಬೇಕಲ್ಲ. ಓಡಿಸುತ್ತ ಎಂಜಿನ್ನಿನ ಸದ್ದು ಕೇಳಲು ಅವರಿಗೆ ಆಗುತ್ತಿರಲಿಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ನನಗೆ, "ನೀನೇ ಓಡ್ಸು. ನಾನು ಪಕ್ಕದಲ್ಲಿ ಕೂತು ಕೇಳ್ತೀನಿ" ಅಂದರು. ಅತ್ತೆ ಹೊರಗೆ ಬಂದು, "ಸೊಸೆ ಕೈಲಿ ಕಾರು ಓಡುಸ್ತಾರಾ? ಜನ ಏನಂದಾರು?" ಅಂದರು.

"ಕೈ ಅವೆ, ಕಾಲವೆ, ಕಣ್ಣವೆ. ಇನ್ನೇನು ಬೇಕು ಓಡ್ಸಕ್ಕೆ?"

ಅಷ್ಟೇ ಅವರ ವಾದ. ಅದರಲ್ಲಿ ದೊಡ್ಡ ಸುಧಾರಣೆಯ ಮಾತೇನೂ ಇರಲಿಲ್ಲ. ಅವರ ಕಿವಿ ಬಿಡುವಾಗಿರಬೇಕಿತ್ತು, ನನ್ನ ಕೈ ಬಿಡುವಾಗಿತ್ತು. ಕುಂತಿಬೆಟ್ಟದ ಕಡೆಯ ರಸ್ತೆಯಲ್ಲಿ ಅವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಸದ್ದು ಕೇಳುತ್ತ, ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಹಿಡಿದು, ಅರ್ಧ ದಾರಿ ಓಡಿಸಿ ಅರ್ಧ ದಾರಿ ತಳ್ಳಿ ಮನೆಗೆ ಬರುತ್ತಿದ್ದೆವು. ಟೀ ಅಂಗಡಿಯವರಿಗೆ ನಾವು ಬಂದರೆ ಸಿನಿಮಾ ಬಂದ ಹಾಗೆ. "ಏನ್ ಗೌಡ್ರೇ, ಇವತ್ತು ಸೊಸೆ ತಳ್ಳೋದೋ ನೀವು ತಳ್ಳೋದೋ?" ಎಂದು ಕೂಗುತ್ತಿದ್ದರು. ಲೈಸನ್ಸ್ ಮಾಡಿಸಲು ಮಂಡ್ಯಕ್ಕೆ ನನ್ನನ್ನು ಕರೆದುಕೊಂಡು ಹೋದವರೂ ಅವರೇ. ಬಸ್ಸಿನಲ್ಲಿ. ಪರೀಕ್ಷೆ ಕೊಟ್ಟದ್ದು ಬೇರೆ ಯಾರದೋ ಕಾರಿನಲ್ಲಿ. ಕೀಲಿ ತಿರುಗಿಸಿ ಬಿಟ್ಟ ಮೇಲೂ ಎಂಜಿನ್ ಓಡುತ್ತಲೇ ಇತ್ತು. ನನಗೆ ಅದೇ ಗಾಬರಿಯಾಯಿತು.

ಈ ಹೊತ್ತಿಗೆ ನನಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಆ ಕಾರಿನ ಹೊಟ್ಟೆಯಲ್ಲಿ ಏನಿದೆಯೆಂದು ಗೊತ್ತಿದ್ದವರು ಪ್ರಪಂಚದಲ್ಲಿ ಒಬ್ಬರೇ. ಅವರು ನಾಗಮಂಗಲದಲ್ಲಿದ್ದರು.

"ದೊಡ್ಡಮಾವನ್ನ ಒಂದು ಮಾತು ಕೇಳ್ಬಾರ್ದಾ ಮಾವ?"

ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು. "ಗಾಡಿ ಕೆಡ್ಸಿದೋನನ್ನೇ ಓಗಿ ಗಾಡಿ ಯಾಕ್ ಕೆಟ್ಟೋಯ್ತು ಅಂತ ಕೇಳ್ಬೇಕಾ? ಸತ್ರೂ ಕೇಳಲ್ಲ" ಅಂದರು. ಆ ದಿನ ಮತ್ತೆ ನನ್ನನ್ನು ಕೀಲಿ ತಿರುಗಿಸಲು ಕರೆಯಲಿಲ್ಲ.

ತವರಿಗೆ ಹೋಗುವಾಗ ನಾನು ಹೇಗೂ ನಾಗಮಂಗಲದಲ್ಲಿ ಬಸ್ಸು ಬದಲಿಸಬೇಕಿತ್ತು. ಮುಂದಿನ ಸಲ ಹೋದಾಗ ನೇರವಾಗಿ ದೊಡ್ಡಮಾವನ ಮನೆಗೆ ಹೋದೆ. ತೆಳ್ಳಗೆ ಎತ್ತರಕ್ಕಿದ್ದ ಮನುಷ್ಯ; ಮೂಗು, ಹುಬ್ಬು ಎಲ್ಲ ನಮ್ಮ ಮಾವನವರದ್ದೇ. ನಾನು ಯಾರೆಂದು ಹೇಳುವ ಮುಂಚೆಯೇ ಗುರುತು ಹಿಡಿದರು; ನಮ್ಮ ಮದುವೆಯ ಫೋಟೋ ಯಾರೋ ತೋರಿಸಿದ್ದರಂತೆ. ಕೂರಿಸಿ ಎಳನೀರು ಕೊಡಿಸಿದರು. ನಾನು ಕಾರಿನ ವಿಷಯವೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅವ್ನೇ ಬಂದು ಕೇಳ್ಲಿ ಕಣವ್ವ. ಯೋಳ್ತೀನಿ" ಅಂದರು.

"ಅವ್ರು ಬರಲ್ಲ ದೊಡ್ಡಮಾವ."

"ಅಂಗಾರೆ ತಳ್ಕೊಂಡು ತಿರುಗ್ಲಿ."

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಒಂದೇ ಮುಖ, ಒಂದೇ ಹಟ, ಎರಡು ಊರು. ಎದ್ದು ಬಸ್‌ಸ್ಟ್ಯಾಂಡಿಗೆ ಬಂದು ದೇವಲಾಪುರದ ಬಸ್ಸು ಹತ್ತಿದೆ. ಬಸ್ಸು ಇನ್ನೇನು ಹೊರಡಬೇಕು, ಕಿಟಕಿಯ ಹತ್ತಿರ ದೊಡ್ಡಮಾವ ಏದುಸಿರು ಬಿಡುತ್ತ ನಿಂತಿದ್ದರು. ಹಿಂದೆಯೇ ನಡೆದು ಬಂದಿದ್ದರು.

"ಡ್ಯಾಶ್‌ಬೋರ್ಡ್ ಇಂದೆ, ಎಡಗಡೆ ಮೂಲೇಲಿ ಒಂದು ಪಿಂಗಾಣಿ ರೆಸಿಸ್ಟರ್ ಮಡಗಿವ್ನಿ. ಹಳೇ ಕಾಯಿಲಿಗೆ ಅದು ಬೇಕಿತ್ತು, ಹೊಸಾದಕ್ಕೆ ಬ್ಯಾಡ. ಎರಡು ತುದೀಗೂ ಒಂದು ವೈರು ಕೂಡ್ಸು ಅನ್ನು, ಸಾಕು."

"ಮಾವ ಅಳೆದು ನೋಡ್ತಾರೆ, ಹನ್ನೆರಡು ಪೂರ್ತಿ ತೋರುಸ್ತದೆ."

"ವೈರು ಬಿಚ್ಚಿ ಅಳೆದ್ರೆ ತೋರುಸ್ದೆ ಇನ್ನೇನು? ಕರೆಂಟು ಅರಿಯೋವಾಗ ತಾನೇ ರೆಸಿಸ್ಟರು ತಡೆಯೋದು! ಕೀಲಿ ತಿರುಗ್ಸಿ ಇಡ್ಕೊಂಡಾಗ ಮಾತ್ರ ಕರೆಂಟು ಅದನ್ನ ಬುಟ್ಟು ಬೇರೆ ವೈರಲ್ಲಿ ಓಯ್ತದೆ. ಅದ್ಕೇ ಸ್ಟಾರ್ಟ್ ಆಯ್ತದೆ, ಬುಟ್ಟೇಟ್ಗೆ ನಿಂತೋಯ್ತದೆ." ಬಸ್ಸು ಹೊರಟಿತು. ಅವರು ಪಕ್ಕದಲ್ಲೇ ಎರಡು ಹೆಜ್ಜೆ ಓಡಿ, "ನಾನೇಳ್ದೆ ಅನ್ಬ್ಯಾಡ!" ಅಂದರು.

ಎಷ್ಟು ಸುಲಭದ ಮಾತು! ಮೂರು ವರ್ಷದ ಗೋಳು ಕಿಟಕಿಯಲ್ಲಿ ಮೂರು ಮಾತಿನಲ್ಲಿ ಮುಗಿದುಹೋಗಿತ್ತು. ನಾನು ತವರಿನಲ್ಲಿ ಒಂದೇ ದಿನ ಇದ್ದು ಓಡಿ ಬಂದೆ. ಮಾವನವರು ಜಗುಲಿಯ ಮೇಲೆ ಕೂತು ಕಾಯಿಲೊಂದರ ತುಕ್ಕು ಉಜ್ಜುತ್ತಿದ್ದರು. ಡ್ಯಾಶ್‌ಬೋರ್ಡಿನ ಹಿಂದೆ ಎಡ ಮೂಲೆಯಲ್ಲಿ ಒಂದು ರೆಸಿಸ್ಟರ್ ಇದೆಯಂತೆ ನೋಡಿ ಮಾವ, ಅಂದೆ.

ಅವರು ತಲೆ ಎತ್ತಲಿಲ್ಲ. "ಯಾರೇಳಿದ್ದು?"

"ಯಾರೋ ಅಂದ್ರು ಮಾವ" ಅಂದೆ. ಅದೇ ಉತ್ತರವಾಯಿತು.

"ಅಲ್ಲಿ ಏನೂ ಇಲ್ಲ" ಅಂದರು.

"ಕೈ ಹಾಕಿ ನೋಡಿ ಮಾವ, ಒಂದ್ಸಲ."

"ಇಲ್ಲ ಅಂದ್ನಲ್ಲ."

ನೋಡಲೇ ಇಲ್ಲ. ನಾನೇ ನೋಡುತ್ತೇನೆಂದು ಕಾರಿನ ಬಾಗಿಲಿಗೆ ಕೈ ಹಾಕಿದರೆ, ಬಂದು ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಶನಿವಾರ ಬಂದ ಯಜಮಾನರಿಗೆ ಹೇಳಿದೆ. ಅವರು, "ಅವ್ರಿಬ್ರ ಮಧ್ಯ ನೀನು ಓಗ್ಬ್ಯಾಡ" ಅಂದರು. ಆ ಮನೆಯ ಗಂಡಸರಿಗೆಲ್ಲ ಗೊತ್ತಿದ್ದ ಮದ್ದು ಅದೊಂದೇ, ಮಾತಾಡದೆ ಇರುವುದು. ಗಾಡಿ ಮತ್ತೊಂದು ವರ್ಷ ಕೆಮ್ಮುತ್ತಲೇ ಓಡಿತು. ನಾನು ಕೀಲಿ ತಿರುಗಿಸುತ್ತಲೇ ಇದ್ದೆ. ಪ್ರತಿ ಸಲ ಕೂತಾಗಲೂ ಆ ಎಡ ಮೂಲೆ ನನ್ನನ್ನೇ ನೋಡುತ್ತಿತ್ತು. ಕೈ ಚಾಚಿದರೆ ಎಟುಕುವಷ್ಟು ದೂರ, ಆದರೆ ಮಾವನವರ ಕಣ್ಣು ನನ್ನ ಕೈಮೇಲೇ. ಹಲ್ಲು ಕಚ್ಚಿ ಕೂರುತ್ತಿದ್ದೆ.

ಒಂದು ಬೆಳಿಗ್ಗೆ ಪಕ್ಕದ ಮನೆಗೆ ಫೋನು ಬಂತು. ದೊಡ್ಡಮಾವನಿಗೆ ಲಕ್ವ ಹೊಡೆದಿದೆ, ಉಳಿಯುವುದು ಕಷ್ಟ, ನೋಡುವವರು ಬಂದು ನೋಡಿ ಎಂದು ಅವರ ಮಗ ಹೇಳಿದನಂತೆ. ಮಾವನವರು ಬನೀನಿನಲ್ಲೇ ಇದ್ದರು. ಅಂಗಿ ಹಾಕಿಕೊಳ್ಳಲೂ ಇಲ್ಲ. ಉಡಿದಾರದಿಂದ ಕೀಲಿ ಬಿಚ್ಚಲು ಹೋಗಿ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡರು. ನಾನೇ ಬಿಚ್ಚಿ ಕಾರು ತೆಗೆದೆ.

ಜಕ್ಕನಹಳ್ಳಿಯವರೆಗೆ ಹೇಗೋ ಬಂದೆವು. ದಾಟಿದ ಮೇಲೆ ಏರು. ಏರಿನ ನಡುವೆ ಕಾರು ಎರಡು ಸಲ ಒದರಿ ನಿಂತುಬಿಟ್ಟಿತು. ಕೀಲಿ ತಿರುಗಿಸಿದೆ, ಹತ್ತಿತು; ಬಿಟ್ಟೆ, ಸತ್ತಿತು. ಮತ್ತೆ ತಿರುಗಿಸಿದೆ, ಮತ್ತೆ ಸತ್ತಿತು. ಮಾವನವರು ಇಳಿದು ಬಾನೆಟ್ ಎತ್ತಿ ಇದ್ದ ಕಾಯಿಲು ತೆಗೆದು ಹಿಂದಿನ ಸೀಟಿನಲ್ಲಿದ್ದ ಇನ್ನೊಂದು ಗಟ್ಟಿ ಕಾಯಿಲು ಹಾಕಿದರು. ಅದೇ ಕಥೆ. ನಾಗಮಂಗಲದ ಬಸ್ಸೊಂದು ತುಂಬಿ ತುಳುಕುತ್ತ ಬಂದು, ನಾನು ಕೈ ಬೀಸಿದರೂ ನಿಲ್ಲದೆ ಹೋಯಿತು. ಬಿಸಿಲು ಏರುತ್ತಿತ್ತು. ಮಾವನವರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ಬರಿಯ ಬನೀನು, ಮಸಿ ಮೆತ್ತಿದ ಕೈ. ಬೇಲಿಯ ಕಡೆ ನೋಡುತ್ತ ಕೇಳಿದರು:

"ಅವ್ನು ಏನಂದಿದ್ದ, ಯೋಳು."

ಒಂದು ಅಕ್ಷರ ಬಿಡದೆ ಹೇಳಿದೆ. ಅವರು ಎದ್ದು ಬಂದು ಕಾರಿನೊಳಗೆ ಅಂಗಾತ ಮಲಗಿ, ಡ್ಯಾಶ್‌ಬೋರ್ಡಿನ ಹಿಂದಕ್ಕೆ ಕೈ ತೂರಿಸಿದರು. ಸ್ವಲ್ಪ ಹೊತ್ತು ಕೈ ಅಲ್ಲೇ ನಿಂತಿತು. ಆಮೇಲೆ ವೈರುಗಳನ್ನು ಹುಷಾರಾಗಿ ಪಕ್ಕಕ್ಕೆ ಸರಿಸಿ ನೋಡಿದರು. ಬಿಳಿಯ ಪಿಂಗಾಣಿ ತುಂಡು, ಅಂಚು ಹಳದಿಯಾಗಿತ್ತು, ಬಟ್ಟೆ ಟೇಪು ನೀಟಾಗಿ ಸುತ್ತಿತ್ತು.

"ಇದು ಅವನ ಸಿನಿಮಾ ಮಿಸನ್ನಿಂದು ಕಣವ್ವ" ಅಂದರು. "ಟೆಂಟಲ್ಲಿ ನಾನೇ ಇಡ್ಕೊಂಡು ನಿಲ್ತಿದ್ದೆ, ಅವ್ನು ಬಿಗೀತಿದ್ದ."

ತುಂಡು ವೈರೊಂದನ್ನು ಹಲ್ಲಿನಲ್ಲಿ ಸುಲಿದು ಎರಡು ತುದಿಗಳನ್ನೂ ಕೂಡಿಸಿದರು. ಕಾಯಿಲಿನ ಪಕ್ಕ ತಾವು ಕೂರಿಸಿದ್ದ ರೆಸಿಸ್ಟರನ್ನೂ ಕಿತ್ತು ಬೇಲಿಗೆ ಎಸೆದರು. ನಾನು ಕೀಲಿ ತಿರುಗಿಸಿ ಬಿಟ್ಟೆ. ಎಂಜಿನ್ ನಿಲ್ಲಲಿಲ್ಲ. ಅಂಥ ತುಂಬಿದ ದನಿಯನ್ನು ಆ ಗಾಡಿಯಲ್ಲಿ ನಾನು ಕೇಳಿಯೇ ಇರಲಿಲ್ಲ. ಮಾವನವರು ಪಕ್ಕಕ್ಕೆ ಬಂದು ಕೂತು, ಬಾಗಿಲು ಹಾಕಿಕೊಂಡು, ಡ್ಯಾಶ್‌ಬೋರ್ಡಿಗೆ ಫಟ್ಟನೆ ಹೊಡೆದರು.

"ಒಂದು ಮಾತು ಯೋಳಿದ್ರೆ ಏನಾಗ್ತಿತ್ತು ಅವ್ನಿಗೆ!"

"ಯೋಳಿದ್ರಲ್ಲ ಮಾವ!" ನಾನು ಕಿರುಚಿದೆ. "ಬಸ್ಸಿನ ಪಕ್ಕ ಓಡ್ಕೊಂಡು ಬಂದು ಯೋಳಿದ್ರಲ್ಲ! ನಾನು ಬಂದು ನಿಮ್ಮ ಕಾಲಿಡ್ಕಳದೊಂದು ಬಾಕಿ ಇತ್ತು! ಕೈ ಹಾಕಿ ನೋಡಿದ್ರಾ ನೀವು?"

ಮಾವನವರ ಎದುರು ನಾನು ದನಿ ಎತ್ತಿದ್ದು ಅದೊಂದೇ ಸಲ. ಅವರು ಕಣ್ಣೊರೆಸಿಕೊಂಡಾಗ ಕೆನ್ನೆಗೆ ಮಸಿ ಹತ್ತಿತು. ನಾನು ಗೇರು ಹಾಕಿದೆ. ಏರು ಹೇಗೆ ಮುಗಿಯಿತೋ ಗೊತ್ತಾಗಲಿಲ್ಲ.

ದೊಡ್ಡಮಾವ ಬದುಕಿದ್ದರು. ನಡುಮನೆಯ ಮಂಚದ ಮೇಲೆ, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಮಾತು ಪೂರ್ತಿ ಹೋಗಿತ್ತು. ಕಣ್ಣು ಮಾತ್ರ ಎಲ್ಲರನ್ನೂ ಗುರುತಿಸುತ್ತಿತ್ತು. ಮಾವನವರು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತರು. ನೆರೆದವರೆಲ್ಲ ಅಳುವರೆಂದುಕೊಂಡರೆ, ಅವರು ಬೈಯಲು ಶುರು ಮಾಡಿದರು.

"ಸಿಕ್ತು ಕಣಣ್ಣ. ಅಲ್ಲಿ ಯಾಕ್ ಮಡಗ್ದೆ? ಮನುಸ್ರ ಕೈಗೆ ಸಿಗೋ ಜಾಗಾನಾ ಅದು? ಬಾನೆಟ್ ಒಳಗೆ ಮಡಗಿದ್ರೆ ನಿನ್ ಗಂಟೇನು ಓಗ್ತಿತ್ತು?"

ದೊಡ್ಡಮಾವನ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಅಳುವೋ ಯಾರಿಗೂ ತಿಳಿಯಲಿಲ್ಲ. ಸರಿಯಿದ್ದ ಕೈಯನ್ನು ಎತ್ತಿ ತಮ್ಮನ ಕೆನ್ನೆಯ ಮಸಿಯನ್ನು ಒರೆಸಲು ಹೋದರು. ಅದು ಇನ್ನಷ್ಟು ಹರಡಿತು. ಮಾವನವರು ಸಂಜೆಯವರೆಗೂ ಬೈಯುತ್ತಲೇ ಇದ್ದರು. ಅಷ್ಟು ವರ್ಷ ಆಡದೆ ಉಳಿದ ಮಾತೆಲ್ಲ ಒಂದೇ ಕಡೆಯಿಂದ ಹೋಗಬೇಕಾಗಿತ್ತು. ಆ ಕಡೆಯಿಂದ ಉತ್ತರವೇ ಬರದ ಹಾಗಾಗಿತ್ತು. ಅದನ್ನು ನೆನೆದರೆ ಇವತ್ತಿಗೂ ನನಗೆ ದುಃಖಕ್ಕಿಂತ ಮೊದಲು ಬರುವುದು ಸಿಟ್ಟು. ಒಂದು ವರ್ಷ. ಒಂದು ವರ್ಷ ಆ ಬಾಯಿ ಮಾತಾಡುತ್ತಿತ್ತು, ಮಾವನವರ ಕೈ ಆ ಮೂಲೆಗೆ ಎಟುಕುತ್ತಿತ್ತು.

ಆಮೇಲೆ ಪ್ರತಿ ಭಾನುವಾರ ನಾನೇ ಕಾರು ಓಡಿಸಿಕೊಂಡು ಅವರನ್ನು ನಾಗಮಂಗಲಕ್ಕೆ ಕರೆದೊಯ್ಯುತ್ತಿದ್ದೆ. ಮಾವನವರು ಕಾರನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಎಂಜಿನ್ ಓಡಿಸಲು ಹೇಳುತ್ತಿದ್ದರು. ಒಳಗೆ ದೊಡ್ಡಮಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. ಸದ್ದಿನಲ್ಲಿ ಏನಾದರೂ ಹೆಚ್ಚುಕಡಿಮೆಯಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರು. ಮಾವನವರು ಬಂದು, "ಏನೋ ಸರಿಯಿಲ್ವಂತೆ" ಎಂದು ಬಾನೆಟ್ ಎತ್ತುತ್ತಿದ್ದರು. ಮುಂದಿನ ವರ್ಷ ದೊಡ್ಡಮಾವ ತೀರಿಕೊಂಡರು.

ಅಷ್ಟರಲ್ಲಿ ನನಗೆ ಹಾಲಿನ ಸಂಘಗಳನ್ನು ಸುತ್ತಿ ನೋಡುವ ಕೆಲಸ ಸಿಕ್ಕಿತ್ತು. ಜೀಪು ಓಡಿಸಲು ಬರುತ್ತದೆಯೇ ಎಂದು ಕೇಳಿದ್ದಕ್ಕೆ ಬರುತ್ತದೆ ಅಂದ ಹೆಂಗಸು ನಾನೊಬ್ಬಳೇ. ಒಣ ಹೊಲಗಳ ನಡುವಿನ ದಾರಿಗಳಲ್ಲಿ, ಒಬ್ಬಳೇ, ಯಾರನ್ನೂ ಕಾಯದೆ ಹೋಗಿ ಬರುವ ಬದುಕು ನನಗೆ ಆ ಹಟಮಾರಿ ಮನುಷ್ಯನಿಂದ ಬಂತು. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ. ಸಂಬಳದ ಮೊದಲ ದಿನ ಕಾಲಿಗೆ ನಮಸ್ಕಾರ ಮಾಡಿದರೆ, "ಜೀಪಿಂದು ಕಾಯಿಲು ನೋಡಿದ್ಯಾ, ಎಂಥದ್ದು ಹಾಕವ್ರೆ?" ಎಂದು ಕೇಳಿದರು. ಡೀಸಲ್ ಜೀಪು ಮಾವ, ಅದಕ್ಕೆ ಕಾಯಿಲೇ ಇಲ್ಲ, ಅಂದೆ. ಅವರಿಗೆ ತುಂಬಾ ನಿರಾಸೆಯಾಯಿತು.

ದಶಕ ಮುಗಿಯುವ ಮುಂಚೆ ಒಂದು ಬೆಳಿಗ್ಗೆ, ಹಸುವಿಗೆ ಹುಲ್ಲು ಹಾಕಿ ಬಂದು ಕೂತ ಮಾವನವರು ಮತ್ತೆ ಏಳಲಿಲ್ಲ. ಎದೆ ನಿಂತಿತ್ತು. ಬೂದಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಬೇಕಾಗಿತ್ತು. ಅವರ ಕಾರಿನಲ್ಲೇ ಹೋಗಬೇಕೆಂದು ಅತ್ತೆ ಹಟ ಹಿಡಿದರು. ಬೆಂಕಿ ಇಕ್ಕು ಅಂದಿದ್ದ ಅತ್ತೆಯೇ. ಹೆಂಗಸು ಓಡಿಸಬಾರದೆಂದು ಯಾರೋ ಗೊಣಗಿದರು. ಆ ಕಾರನ್ನು ಓಡಿಸಲು ಬರುತ್ತಿದ್ದವರು ಇನ್ಯಾರೂ ಇರಲಿಲ್ಲವಾದ್ದರಿಂದ ಗೊಣಗಾಟ ಅಲ್ಲಿಗೇ ನಿಂತಿತು.

ಯಜಮಾನರು ಮಡಕೆ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. ದೊಡ್ಡಮಾವನ ಮಗ ಬಂದು ಅವರ ಪಕ್ಕದಲ್ಲಿ ಕೂತ. ದೊಡ್ಡಮಾವನ ತಿಥಿಯಲ್ಲಿ, ಯಾರನ್ನು ಮೊದಲು ಊಟಕ್ಕೆ ಕರೆಯಲಿಲ್ಲ ಎನ್ನುವ ಎಂಥದ್ದೋ ಮಾತಿಗೆ ಇವರಿಬ್ಬರಲ್ಲಿ ಮನಸ್ತಾಪವಾಗಿ, ಅಂದಿನಿಂದ ಮಾತಿರಲಿಲ್ಲ. ಒಬ್ಬರು ಈ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು, ಇನ್ನೊಬ್ಬರು ಆ ಕಿಟಕಿಯಿಂದ. ಅದೇ ಮೂಗು, ಅದೇ ಹುಬ್ಬು. ನನಗೆ ಕಾಲಿನಿಂದ ತಲೆಯವರೆಗೆ ಉರಿದುಹೋಯಿತು. ಕೀಲಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡೆ.

"ಯಾಕೆ, ಕೆಟ್ಟೋಯ್ತಾ?" ಯಜಮಾನರು ಕೇಳಿದರು.

"ಗಾಡಿ ಸರಿಯಾಗೇ ಅದೆ" ಅಂದೆ. "ನೀವಿಬ್ರೂ ಮಾತಾಡೋಗಂಟ ಇದು ಇಲ್ಲಿಂದ ಅಲ್ಲಾಡಲ್ಲ."

ಹೊರಗೆ ನಿಂತಿದ್ದ ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ಹೊತ್ತು ಮೀರುತ್ತದೆ ಎಂದು ಯಾರೋ ಅಂದರು. ಮೀರಲಿ ಅಂದೆ. ಅತ್ತೆ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದರು; ನನಗೆ ಅಡ್ಡ ಮಾತು ಆಡಲಿಲ್ಲ. ಹಿಂದಿನ ಸೀಟಿನಲ್ಲಿ ಮಡಕೆಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಯಜಮಾನರು ಸರಿಮಾಡುತ್ತಲೇ ಇದ್ದರು. ಕೊನೆಗೆ ದೊಡ್ಡಮಾವನ ಮಗ ತನ್ನ ಕಿಟಕಿಯ ಕಡೆಯೇ ನೋಡುತ್ತ ಕೇಳಿದ:

"ಕೈ ನೋಯ್ತಾ ಅದಾ? ಕೊಡು, ಒಸಿ ಒತ್ತು ನಾನಿಡ್ಕತೀನಿ ಚಿಕ್ಕಪ್ಪನ್ನ."